ತೋರಿಸಲಿಕ್ಕೆಂದು ಇಟ್ಟ ಮಿಕ್ಸರ್

ನಾನು ಒಂದು ಮಿಕ್ಸರ್. ಹುಟ್ಟಿದ್ದು ಕೊಯಮತ್ತೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ. ಒಬ್ಬರು ತಾಮ್ರದ ತಂತಿ ಸುತ್ತಿದ ಮೋಟಾರನ್ನು ಕೂರಿಸಿದರು, ಇನ್ನೊಬ್ಬರು ಬಿಳಿ ಪ್ಲಾಸ್ಟಿಕ್ಕಿನ ಮೈ ತೊಡಿಸಿದರು. ಸಾಲಿನ ತುದಿಯಲ್ಲಿ ಕೂತಿದ್ದ ಹೆಂಗಸು ನನ್ನನ್ನು ಮೂರು ವೇಗದಲ್ಲೂ ಓಡಿಸಿ ನೋಡಿ, ತಲೆಯಾಡಿಸಿ, ತಳಕ್ಕೆ ಒಂದು ಹಸಿರು ಚೀಟಿ ಅಂಟಿಸಿದಳು. ದೊಡ್ಡದು, ನಡುವಿನದು, ಚಟ್ನಿಯದು ಎಂದು ಮೂರು ಜಾರುಗಳನ್ನು ನನ್ನ ಪಾಲಿಗೆ ಕೊಟ್ಟು ಪೆಟ್ಟಿಗೆ ಮುಚ್ಚಿದರು. ಕತ್ತಲಲ್ಲಿ ಎರಡು ದಿನ ಪ್ರಯಾಣ ಮಾಡಿದೆ.

ಗದಗಿನ ಸ್ಟೇಷನ್ ರಸ್ತೆಯ ಕೋಳಿವಾಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ನಾವು ಹನ್ನೆರಡು ಮಿಕ್ಸರುಗಳು ಒಂದೇ ಲಾರಿಯಲ್ಲಿ ಬಂದಿಳಿದೆವು. ಹನ್ನೊಂದು ಪೆಟ್ಟಿಗೆಗಳು ಹಾಗೆಯೇ ಒಳಗೆ ಹೋದವು. ನನ್ನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಿ, ನನ್ನನ್ನು ಎದುರಿನ ಶೆಲ್ಫಿನ ಮೇಲಿಟ್ಟು, 'ತೋರಿಸಲಿಕ್ಕೆ ಮಾತ್ರ' ಎಂಬ ಪಟ್ಟಿ ಅಂಟಿಸಿದರು. ಒಂದೊಂದು ಮಾದರಿಯದೂ ಒಂದನ್ನು ಹೀಗೆ ಹೊರಗಿಡುತ್ತಾರೆ. ಜನ ಮುಟ್ಟಬೇಕು, ತಿರುಗಿಸಬೇಕು, ಸದ್ದು ಕೇಳಬೇಕು. ಆಮೇಲೆ ಒಳಗಿನಿಂದ ಹೊಸ ಪೆಟ್ಟಿಗೆ ತಂದು ಕೊಡುತ್ತಾರೆ. ಜೊತೆಗೆ ಬಂದವರು ಒಬ್ಬೊಬ್ಬರಾಗಿ ಮನೆಗಳಿಗೆ ಹೋದರು, ಅವರ ಜಾಗಕ್ಕೆ ಬೇರೆ ಪೆಟ್ಟಿಗೆಗಳು ಬಂದವು. ನಾನು ಶೆಲ್ಫಿನ ಮೇಲೆ ಉಳಿದೆ.

ಉಳಿದದ್ದಕ್ಕೆ ಆಗ ನನಗೆ ಬೇಸರವಿರಲಿಲ್ಲ. ಕಾರಣ ಕಸ್ತೂರಿ.

ಕಸ್ತೂರಿ ಪತ್ತಾರ ಆ ಅಂಗಡಿಯಲ್ಲಿ ಸಾಮಾನು ತೋರಿಸುವ ಹೆಂಗಸು. ನಲವತ್ತು ದಾಟಿದ ವಯಸ್ಸು, ಹತ್ತಿಯ ಸೀರೆ, ಸೆರಗನ್ನು ಬಿಗಿಯಾಗಿ ನಡುವಿಗೆ ಸಿಕ್ಕಿಸಿದ ರೀತಿ. ಗಂಡ ತೀರಿಕೊಂಡ ಮೇಲೆ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳಂತೆ. ಮಿಕ್ಸರ್ ಕೊಳ್ಳಲು ಬಂದವಳು ಮಾಲೀಕರಿಗೇ ಅದರ ಗುಣದೋಷ ವಿವರಿಸಿದ್ದನ್ನು ಕಂಡು, ಅವರು ಅಲ್ಲೇ ಕೆಲಸಕ್ಕೆ ಕರೆದರಂತೆ. ಮಾಲೀಕ ಬಸಲಿಂಗಪ್ಪ ಕೋಳಿವಾಡರನ್ನು ಎಲ್ಲರೂ ಸಾವಕಾರ್ರು ಎನ್ನುತ್ತಿದ್ದರು. ಮಾತು ಒರಟು, ಕೈ ಸ್ವಲ್ಪ ಬಿಗಿ, ಮನುಷ್ಯ ಕೆಟ್ಟವರಲ್ಲ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಸ್ತೂರಿ ಮನೆಯಿಂದ ತಂದ ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ನನ್ನ ಸಣ್ಣ ಜಾರಿಗೆ ಹಾಕಿ ಚಟ್ನಿ ತಿರುವುತ್ತಿದ್ದಳು. ಆ ಘಮಕ್ಕೆ ರಸ್ತೆಯಲ್ಲಿ ಹೋಗುವವರು ಒಮ್ಮೆ ನಿಂತು ಒಳಗೆ ನೋಡುತ್ತಿದ್ದರು. ಬಂದವರ ಅಂಗೈಗೆ ಒಂದೊಂದು ಚಿಟಿಕೆ ಚಟ್ನಿ ಹಾಕಿ ಆಕೆ ಕೇಳುತ್ತಿದ್ದ ಮೊದಲ ಮಾತು ಒಂದೇ.

"ಮನ್ಯಾಗ ಎಷ್ಟ ಮಂದಿ ಅದೀರಿ?"

ಇಬ್ಬರೇ ಎಂದರೆ ನನ್ನನ್ನು ಬಿಟ್ಟು ಪಕ್ಕದ ಸಣ್ಣ ಮಿಕ್ಸರಿನತ್ತ ಕೈ ತೋರುತ್ತಿದ್ದಳು. ದಿನಾ ದೋಸೆಗೆ ರುಬ್ಬುವವರಾದರೆ ಗ್ರೈಂಡರಿನ ಕಡೆ ಕರೆದೊಯ್ಯುತ್ತಿದ್ದಳು. "ಇದು ನಿಮಗ ಬ್ಯಾಡ್ರಿ, ಸುಮ್ಮನ ಭಾರ ಆಗತೈತಿ" ಎಂದು ದುಬಾರಿ ಸಾಮಾನಿನಿಂದ ಜನರನ್ನು ತಿರುಗಿಸಿದಾಗ ಸಾವಕಾರ್ರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಆದರೆ ಹಾಗೆ ಹೋದವರು ಮುಂದಿನ ವರ್ಷ ತಂಗಿಯನ್ನೋ ಬೀಗರನ್ನೋ ಕರೆದುಕೊಂಡು ಬರುತ್ತಿದ್ದರು. ಬಂದವರು ಸಾವಕಾರ್ರನ್ನು ಕೇಳುತ್ತಿರಲಿಲ್ಲ, "ಕಸ್ತೂರಕ್ಕ ಎಲ್ಲದಾರ್ರಿ?" ಎನ್ನುತ್ತಿದ್ದರು. ಆಕೆಗೆ ಇನ್ನೊಂದು ವಿದ್ಯೆಯಿತ್ತು. ಓಡುವಾಗ ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟು, ಮೋಟಾರಿಗೆ ಸುಸ್ತಾಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಹಸುವಿನ ಮೈ ಸವರಿ ಜ್ವರ ನೋಡುವಂತೆ. ಆ ಕೈ ಬಿದ್ದಾಗ ನಾನು ಯಾರ ಮನೆಗೂ ಹೋಗದಿದ್ದರೂ ನಡೆದೀತು ಎನಿಸುತ್ತಿತ್ತು.

ಹೀಗೆ ಮೂರು ನಾಲ್ಕು ವರ್ಷ ಕಳೆದಿರಬೇಕು. ಆಮೇಲೆ ಒಂದು ಹೊಸ ರೀತಿಯ ಗಿರಾಕಿಗಳು ಬರಲು ಶುರುವಾದರು. ಎಲ್ಲರಂತೆಯೇ ಬಂದು, ಚಟ್ನಿ ರುಚಿ ನೋಡಿ, ನೂರೆಂಟು ಪ್ರಶ್ನೆ ಕೇಳಿ, ಕೊನೆಗೆ ನನ್ನನ್ನು ತಲೆಕೆಳಗು ಮಾಡಿ ತಳದ ಅಕ್ಷರ, ಅಂಕಿಗಳ ಫೋಟೋ ತೆಗೆದುಕೊಳ್ಳುತ್ತಿದ್ದರು. ಆಮೇಲೆ "ನೋಡ್ತೀವ್ರಿ" ಎಂದು ಹೊರಡುತ್ತಿದ್ದರು. ಮೊದಮೊದಲು ಕಸ್ತೂರಿ, "ಆತ್ರಿ, ವಿಚಾರ ಮಾಡಿ ಬರ್ರಿ" ಎಂದು ಬಾಗಿಲ ತನಕ ಹೋಗಿ ಬೀಳ್ಕೊಡುತ್ತಿದ್ದಳು. ಅವರು ಬರುತ್ತಿರಲಿಲ್ಲ. ಒಳಗಿನ ಪೆಟ್ಟಿಗೆಗಳು ಇದ್ದಲ್ಲೇ ಇದ್ದವು. ಚಟ್ನಿ ಮಾತ್ರ ದಿನಾ ಖಾಲಿಯಾಗುತ್ತಿತ್ತು.

ಸುನಂದಾ ಟೀಚರ್ ಬಂದದ್ದು ಆ ದಿನಗಳಲ್ಲಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ, ಎಲ್ಲವನ್ನೂ ಪರೀಕ್ಷಿಸಿ ನೋಡುವ ಸ್ವಭಾವದ ಹೆಂಗಸು. ಒಂದೇ ವಾರದಲ್ಲಿ ಮೂರು ಸಲ ಬಂದರು. ಮೂರನೇ ಸಲ ಮನೆಯಿಂದ ಡಬ್ಬಿಯಲ್ಲಿ ನೆನೆಸಿದ ಉದ್ದಿನಬೇಳೆಯನ್ನೇ ತಂದಿದ್ದರು. ಕಸ್ತೂರಿ ಅದನ್ನು ನನ್ನ ದೊಡ್ಡ ಜಾರಿನಲ್ಲಿ ಸ್ವಲ್ಪ ಸ್ವಲ್ಪ ನೀರು ಬಿಟ್ಟು, ನಡುನಡುವೆ ನಿಲ್ಲಿಸಿ, ಬೆಣ್ಣೆಯ ಹಾಗೆ ರುಬ್ಬಿ, ಜಾರು ತೊಳೆದು, ಹಿಟ್ಟನ್ನು ಡಬ್ಬಿಗೆ ತುಂಬಿ ಕೊಟ್ಟಳು. ಮುಕ್ಕಾಲು ಗಂಟೆಯ ಕೆಲಸ.

"ಭಾಳ ಚಲೋ ತಿಳಿಸಿ ಹೇಳಿದ್ರಿ ಕಸ್ತೂರಕ್ಕ. ನೋಡ್ತೀನ್ರಿ" ಎಂದು ಟೀಚರ್ ಹೋದರು.

ಹದಿನೈದು ದಿನಕ್ಕೆ ಅದೇ ಟೀಚರ್ ಒಂದು ಚೀಲ ಹಿಡಿದು ಬಂದರು. ಒಳಗಿದ್ದದ್ದು ನನ್ನದೇ ರೂಪದ ಮಿಕ್ಸರ್. ಕಸ್ತೂರಿಯ ಮುಖ ನೋಡದೆ ಹೇಳಿದರು. "ಆನ್‌ಲೈನ್‌ದಾಗ ತರಿಸಿದೆ ಕಸ್ತೂರಕ್ಕ. ಕಮ್ಮಿ ಬಂತು ಅಂತ. ಈಗ ಮುಚ್ಚಳದಿಂದ ಎಲ್ಲಾ ಸೋರಾಕತ್ತೈತಿ. ಫೋನ್ ಮಾಡಿದ್ರ ಒಂದ ಒತ್ತು, ಎರಡ ಒತ್ತು ಅಂತಾರ, ಮನಷ್ಯಾರು ಸಿಗವಲ್ರು."

ಕಸ್ತೂರಿ ಮಿಕ್ಸರನ್ನು ಚೀಲದಿಂದ ಹೊರಗೆ ತೆಗೆದಳು. ಆಮೇಲೆ ಮುಚ್ಚಳ ತೆಗೆದು ಬೆಳಕಿಗೆ ಹಿಡಿದಳು. "ರಬ್ಬರ್ ತಿರುವಿ ಕೂತೈತ್ರಿ ಟೀಚರ್. ಇಷ್ಟ." ಉಗುರಿನಿಂದ ಎಬ್ಬಿಸಿ ಸರಿಯಾಗಿ ಕೂರಿಸಿ, ನೀರು ಹಾಕಿ ಓಡಿಸಿ ತೋರಿಸಿದಳು. ಒಂದು ಹನಿ ಸೋರಲಿಲ್ಲ. ಟೀಚರ್ ಚೀಲ ಎತ್ತಿಕೊಂಡು ಹೋದರು.

ಹಣ ಎಣಿಸುವ ಗಲ್ಲೆಯಲ್ಲಿ ಕೂತಿದ್ದ ಸಾವಕಾರ್ರು ಎಲ್ಲವನ್ನೂ ನೋಡಿದ್ದರು.

"ಕಸ್ತೂರಿ, ಇದು ನಮ್ಮ ಅಂಗಡಿ ಐತೋ, ಅವರ ರಿಪೇರಿ ಅಂಗಡಿ ಐತೋ?"

"ರಬ್ಬರ್ ಅಷ್ಟ ತಿರುವಿತ್ರಿ ಸಾವಕಾರ್ರ. ಕೈಲೆ ಆಗೂ ಕೆಲಸ."

"ನಿನ್ನ ಕೈಗೆ ಪಗಾರ ಕೊಡಾಂವ ನಾನು."

ಟೀಚರ್ ಯಾರಿಗೋ ಹೇಳಿದ್ದರೆಂದು ಕಾಣುತ್ತದೆ. ಮರುವಾರದಿಂದ ಬೇರೆಯವರೂ ಬರಲು ಶುರುವಾದರು. ಒಬ್ಬರದು ಜಾರು ಕೂರುತ್ತಿರಲಿಲ್ಲ, ಒಬ್ಬರಿಗೆ ಇಸ್ತ್ರಿ ಪೆಟ್ಟಿಗೆಗೆ ನೀರು ಎಲ್ಲಿ ಹಾಕಬೇಕೋ ತಿಳಿದಿರಲಿಲ್ಲ. ಕಸ್ತೂರಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಸಾವಕಾರ್ರು ತಾವೇ ಎದ್ದು ಬಂದು ನನ್ನ ವಾಯರನ್ನು ಗೋಡೆಯಿಂದ ಕಿತ್ತರು. ನನ್ನ ಮೇಲೆ ಪ್ಲಾಸ್ಟಿಕ್ ಹೊದಿಸಿದರು. ಇಲ್ಲಿ ಕೊಳ್ಳದ ಸಾಮಾನನ್ನು ಇಲ್ಲಿ ತೋರಿಸಬಾರದು ಎಂದು ಬಾಗಿಲಿಗೆ ಬರೆದು ಹಾಕಿದರು. ಚಟ್ನಿ ನಿಂತಿತು. ಕಸ್ತೂರಿ ಬೆಳಿಗ್ಗೆಯಿಂದ ಸಂಜೆಯ ತನಕ ಶೆಲ್ಫುಗಳ ನಡುವೆ ಒರೆಸುವ ಬಟ್ಟೆ ಹಿಡಿದು ನಿಲ್ಲುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಸುಮ್ಮನೆ ನೋಡಿ ಹೋಗುವವರು ಬರುವುದೂ ಕಡಿಮೆಯಾಯಿತು. ನೋಡಲಿಕ್ಕಾದರೂ ಬರುತ್ತಿದ್ದರಲ್ಲ ಎಂದು ಆಗ ನಾನು ನೆನೆದೆ.

ಅಂಗಡಿಯನ್ನು ಮುಗಿಸಿದ್ದು ಒಂದು ಪಾರ್ಸೆಲ್. ಅದನ್ನು ಹೊತ್ತು ಬಂದವನು ಬಾಗಿಲಲ್ಲೇ ನಿಂತು ಕೇಳಿದ.

"ಪೂರ್ಣಿಮಾ ಕೋಳಿವಾಡ ಅವರ ಮನಿ ಎಲ್ಲಿ ಬರತೈತ್ರಿ? ಫೋನ್ ಎತ್ತವಲ್ರು. ವಿಳಾಸದಾಗ ಕೋಳಿವಾಡ ಎಲೆಕ್ಟ್ರಾನಿಕ್ಸ್ ಹಿಂದ ಅಂತ ಅಷ್ಟ ಐತಿ."

ಪೂರ್ಣಿಮಾ ಸಾವಕಾರ್ರ ಸೊಸೆ. ಸಾವಕಾರ್ರು ಪೆಟ್ಟಿಗೆಯನ್ನು ಇಸಿದುಕೊಂಡು ಗಲ್ಲೆಯ ಮೇಲಿಟ್ಟರು. ಪೆಟ್ಟಿಗೆಯ ಮೇಲೆ ನನ್ನ ಚಿತ್ರವಿತ್ತು. ಅದೇ ಮಾದರಿಯ ಆರು ಪೆಟ್ಟಿಗೆ ಹತ್ತು ಹೆಜ್ಜೆ ಆಚೆ ಒಳಗೋಣೆಯಲ್ಲಿ ಧೂಳು ತಿನ್ನುತ್ತಿದ್ದವು.

ಹಿತ್ತಲ ಬಾಗಿಲಿನಿಂದ ಸೊಸೆಯನ್ನು ಕರೆಸಿದರು. ಕೂಗಾಡಲಿಲ್ಲ. "ನನ್ನ ಕೇಳಿದ್ರ ಕೊಡ್ತಿದ್ದಿಲ್ಲೇನವಾ?" ಎಂದರು.

ಪೂರ್ಣಿಮಾ ತಲೆ ತಗ್ಗಿಸಿಯೇ ಹೇಳಿದಳು. "ಎರಡ ವರ್ಷ ಕೇಳೀನ್ರಿ ಮಾವಾರ. ಮೂಲಿ ಒಡದಿದ್ದು ಒಮ್ಮೆ ತಂದ ಕೊಟ್ರಿ, ಗಿರಾಕಿ ವಾಪಸ್ ತಂದಿದ್ದು ಒಮ್ಮೆ ಕೊಟ್ರಿ. ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಹೊಸಾದೊಂದು ಪೆಟಿಗಿ ನಾನ ನನ್ನ ಕೈಲೆ ಬಿಚ್ಚಬೇಕು ಅನಿಸಿತ್ರಿ."

ಸಾವಕಾರ್ರು ಪೆಟ್ಟಿಗೆಯನ್ನು ಆಕೆಯ ಕಡೆ ಸರಿಸಿದರು. ಆಕೆ ಅದನ್ನು ಎದೆಗವಚಿಕೊಂಡು ಒಳಗೆ ಹೋದಳು. ಸಂಜೆ ಬಾಗಿಲು ಹಾಕುವಾಗ ಸಾವಕಾರ್ರು ಹೇಳಿದರು. "ಕಸ್ತೂರಿ, ದೀಪಾವಳಿ ತನಕಾ ಅಂಗಡಿ ನಡಿಸಿ ನೋಡೂಣು ಅಂದಿದ್ದೆ. ಬ್ಯಾಡ ಬಿಡು."

ಉಳಿದ ಪೆಟ್ಟಿಗೆಗಳು ಬಂದ ಕಡೆಗೆ ವಾಪಸಾದವು. ತೋರಿಸಲಿಕ್ಕೆ ಇಟ್ಟವುಗಳನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಸಾವಕಾರ್ರು ನನ್ನ ಮೇಲಿನ ಪ್ಲಾಸ್ಟಿಕ್ ತೆಗೆದು, "ಇದನ್ನ ನೀ ಒಯ್ಯವಾ. ಇದರ ಜೋಡಿ ನೀನ ದುಡದೀ" ಎಂದು ಕಸ್ತೂರಿಗೆ ಕೊಟ್ಟರು. ಕೊಡುವಾಗ ಅವರ ಕಣ್ಣು ಬೇರೆ ಕಡೆಗಿತ್ತು. ಹಾಗೆ, ಆರು ವರ್ಷ ಕಳೆದ ಮೇಲೆ, ನನಗೂ ಒಂದು ಮನೆ ಸಿಕ್ಕಿತು.

ಬೆಟಗೇರಿಯ ಒಂದು ಓಣಿಯಲ್ಲಿ ಒಂದೂವರೆ ಕೋಣೆಯ ಮನೆ ಅದು. ಕಸ್ತೂರಿಯನ್ನು ಬಿಟ್ಟರೆ ಯಾರೂ ಇಲ್ಲ. ಆಕೆ ಬೇರೆ ಎರಡು ಅಂಗಡಿಗಳಿಗೆ ಹೋಗಿ ಕೇಳಿದಳು. ಅವರೂ ಇದ್ದವರನ್ನೇ ಕೆಲಸದಿಂದ ಬಿಡಿಸುತ್ತಿದ್ದರು. ಕೊನೆಗೆ ಸಿಕ್ಕ ಕೆಲಸ ಹುಬ್ಬಳ್ಳಿ ರಸ್ತೆಯ ಪಾರ್ಸೆಲ್ ಗೋದಾಮಿನಲ್ಲಿ. ಆನ್‌ಲೈನಿನಲ್ಲಿ ಕೊಂಡ ಸಾಮಾನು ಅಲ್ಲಿಗೆ ಬಂದು, ಅಲ್ಲಿಂದ ಊರೂರಿಗೆ ಹೋಗುತ್ತಿತ್ತು. ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸುವುದು, ಊರಿನ ಪ್ರಕಾರ ಚೀಲಕ್ಕೆ ಹಾಕುವುದು ಆಕೆಯ ಕೆಲಸ. ಒಳಗೆ ಏನಿದೆ ಎಂದು ನೋಡುವಂತಿಲ್ಲ.

"ಕೆಲಸ ಹೆಂಗೈತಿ ಅಕ್ಕಾ?" ಎಂದು ಪಕ್ಕದ ಮನೆಯ ಶಾಹೀನ್ ಕೇಳಿದಳು. ಆಕೆ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಎರಡು ಮಕ್ಕಳ ತಾಯಿ.

"ಭಾರ ಏನಿಲ್ಲವಾ. ಮುಂಜಾನಿಂದ ಸಂಜಿತನಕಾ ಒಂದ ಮಾತ ಬೇಕಾಗೂದಿಲ್ಲ, ಅಷ್ಟ."

ಆ ಮೌನವನ್ನು ಆಕೆ ಮನೆಗೂ ತಂದಳು. ಮೊದಲು ಒಬ್ಬಳೇ ಇದ್ದಾಗಲೂ ಒಲೆಯ ಜೊತೆ, ಪಾತ್ರೆಯ ಜೊತೆ ಮಾತಾಡುತ್ತಿದ್ದವಳಂತೆ. ಶಾಹೀನ್ ಹೇಳಿ ನಗುತ್ತಿದ್ದಳು. ನಾನು ಆ ಮಾತುಗಳನ್ನು ಕೇಳಲೇ ಇಲ್ಲ. ವಾರಕ್ಕೊಮ್ಮೆ ಚಟ್ನಿಗೆಂದು ನನ್ನನ್ನು ಕೆಳಗಿಳಿಸಿ, ತಿರುವಿ, ತೊಳೆದು, ಮತ್ತೆ ಮೇಲಿಡುತ್ತಿದ್ದಳು. ಬೆನ್ನ ಮೇಲೆ ಕೈ ಇಡುವುದನ್ನು ಬಿಟ್ಟಿದ್ದಳು.

ಇಟ್ಟಿದ್ದರೆ ನನ್ನ ಮೋಟಾರು ಬಿಸಿಯಾಗುತ್ತಿರುವುದು ಆಕೆಗೆ ತಿಳಿಯುತ್ತಿತ್ತು. ಒಂದು ಭಾನುವಾರ ಶೇಂಗಾ ಅರ್ಧ ನುರಿದಿರುವಾಗ ನನ್ನೊಳಗಿಂದ ಹೊಗೆ ಬಂತು. ರಿಪೇರಿಯವನು ಬಿಚ್ಚಿ ನೋಡಿ, "ಕಾಯಿಲ್ ಸುಟ್ಟೈತಿ. ಈ ಮಾಡೆಲ್ಲಿಂದು ಈಗ ಬರೂದಿಲ್ರಿ. ಹೊಸಾದ ತರಸ್ರಿ" ಎಂದ. ಎಲ್ಲಿಂದ ತರಿಸಲಿ ಎಂದು ಆಕೆ ಕೇಳಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಕೋಳಿವಾಡರ ಅಂಗಡಿಯಿದ್ದ ಜಾಗದಲ್ಲಿ ಈಗ ಔಷಧಿ ಅಂಗಡಿಯಿದೆಯಂತೆ.

ಶಾಹೀನ್ ತನ್ನ ಫೋನಿನಲ್ಲಿ ಹುಡುಕಿ ಕೊಟ್ಟಳು. ನಾಲ್ಕನೇ ದಿನ ಪೆಟ್ಟಿಗೆ ಬಂತು. ಹೊಸ ಮಿಕ್ಸರ್ ಕೆಂಪು ಬಣ್ಣದ್ದು, ನನಗಿಂತ ಹಗುರ. ಕಸ್ತೂರಿ ಅದನ್ನು ಕಟ್ಟೆಯ ಮೇಲಿಟ್ಟು, ಮೊದಲು ಮುಚ್ಚಳದ ರಬ್ಬರ್ ನೋಡಿ, ಓಡಿಸಿ, ಚಟ್ನಿ ತಿರುವಿ, ಶಾಹೀನಳಿಗೂ ಒಂದು ಬಟ್ಟಲು ಕೊಟ್ಟಳು. ಮೂಲೆಯ ನೆಲದ ಮೇಲೆ ಕೂತು ನಾನು ನೋಡುತ್ತಿದ್ದೆ.

ಶಾಹೀನಳ ಫೋನು ಟಿಂಗ್ ಎಂದಿತು. "ಅಕ್ಕಾ, ಮಿಕ್ಸರ್ ಹೆಂಗೈತಿ ಅಂತ ಕೇಳಾಕತ್ತಾರ. ಏನ ಹೇಳ್ಲಿ?"

"ಯಾರು?"

"ಮಾರಿದವರು. ನಮ್ಮ ಮಾತ ಓದಿ ಮುಂದಿನವರು ತಗೋತಾರಂತ."

ಕಸ್ತೂರಿ ಕೈ ಒರೆಸಿಕೊಂಡು ಹೊಸ ಮಿಕ್ಸರಿನ ಎದುರು ನಿಂತಳು. ಸೆರಗು ನಡುವಿಗೆ ಹೋಯಿತು. "ಬರಿಯವಾ ಹಂಗಾರ. ಸಣ್ಣ ಜಾರಿನ ಬ್ಲೇಡು ಚಲೋ ಐತಿ, ಒಣ ಚಟ್ನಿಗೆ ಅಡ್ಡಿಯಿಲ್ಲ. ದೊಡ್ಡ ಜಾರಿನ ಹಿಡಿಕಿ ಸಡ್ಲ ಐತಿ, ತುಂಬಾ ಹಾಕಿದ್ರ ಒಂದ ವರ್ಷಕ್ಕ ಕೈಗೆ ಬರತೈತಿ. ಉದ್ದಿನಬ್ಯಾಳಿ ರುಬ್ಬಾವ್ರು ಎರಡ ಮಿನಿಟಿಗೊಮ್ಮೆ ನಿಂದ್ರಸಬೇಕು, ತಣ್ಣನ್ನ ನೀರ ಹಾಕಬೇಕು, ಯಾಕಂದ್ರ ಮೋಟಾರು ಸಣ್ಣದೈತಿ, ಲಗೂನ ಕಾಯತೈತಿ. ಆರು ಮಂದಿ ಮ್ಯಾಲಿದ್ದ ಮನಿಗೆ ಇದು ಬ್ಯಾಡ. ವಯಸ್ಸಾದವ್ರಿಗೆ ಮುಚ್ಚಳ ತಗಿಯಾಕ ಬಿಗಿ ಆಗತೈತಿ, ಅವ್ರಿಗೆ…"

ಎರಡು ವರ್ಷದಲ್ಲಿ ಆಕೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮುಖಕ್ಕೆ ಕಳೆ ಬಂದಿತ್ತು.

"ಅಕ್ಕಾ," ಶಾಹೀನ್ ಮೆಲ್ಲಗೆ ಅಂದಳು, "ಅಷ್ಟೆಲ್ಲಾ ಬರದ್ರ ಯಾರ ಓದ್ತಾರ? ಇಲ್ಲಿ ಐದ ಚುಕ್ಕಿ ಅದಾವು. ಒತ್ತಿದ್ರ ಸಾಕು."

ಕಸ್ತೂರಿಯ ಕೈ ಇನ್ನೂ ಆ ಮುಚ್ಚಳದ ಮೇಲೆಯೇ ಇತ್ತು. ಆಕೆ ಕೈ ತೆಗೆದಳು.

"ಹಂಗಾರ ಒತ್ತು."

"ಎಷ್ಟು ಒತ್ತಲಿ?"

"ನಿನಗ ತಿಳಿದಷ್ಟು" ಎಂದು ಆಕೆ ಪಾತ್ರೆ ತೊಳೆಯಲು ಹೋದಳು.

ಮರುದಿನ ಗುಜರಿಯವನು ನನ್ನನ್ನು ಒಯ್ದ. ಈಗ ನಾನು ಅವನ ಅಂಗಳದಲ್ಲಿ ಟಿವಿ, ಇಸ್ತ್ರಿ ಪೆಟ್ಟಿಗೆಗಳ ರಾಶಿಯಲ್ಲಿದ್ದೇನೆ. ಜಾರುಗಳನ್ನು ಬೇರೆ ಮಾಡಿದ್ದಾರೆ. ಒಳಗಿನ ತಾಮ್ರವನ್ನು ನಾಳೆಯೋ ನಾಡಿದ್ದೋ ತೆಗೆಯುತ್ತಾರೆ, ಅದಕ್ಕೆ ಬೆಲೆಯಿದೆಯಂತೆ. ಆ ಬಗ್ಗೆ ನನಗೆ ದುಃಖವಿಲ್ಲ. ಸುಟ್ಟುಹೋದ ಯಂತ್ರದಿಂದಲೂ ತೆಗೆದುಕೊಳ್ಳುವಂಥದ್ದು ಏನೋ ಉಳಿದಿರುತ್ತದೆ. ಕಸ್ತೂರಿಗೆ ಗೊತ್ತಿದ್ದದ್ದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಇವತ್ತೂ ಆಕೆ ಆ ಗೋದಾಮಿನಲ್ಲಿ ಸಾಲಾಗಿ ಬರುವ ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸುತ್ತಿರುತ್ತಾಳೆ, ಒಳಗೇನಿದೆ ಎಂದು ಕೇಳದೆ.