ಉಳಿಸಿಟ್ಟ ಔಷಧಿ

ಕಿಡ್ನಿ ಎರಡೂ ಕೈಕೊಟ್ಟ ಮೇಲೆ ದರ್ಜಿಯ ಮನೆಯ ದಿನಚರಿಯೇ ಬದಲಾಗಿತ್ತು. ಮನೆಯಲ್ಲೇ ಡಯಾಲಿಸಿಸ್: ಅವನ ಹೊಟ್ಟೆಗೆ ಕೂರಿಸಿದ ನಳಿಕೆಯಿಂದ ಕಶ್ಮಲ ಹೊತ್ತ ಹಳೆಯ ನೀರು ಚೀಲಕ್ಕೆ ಇಳಿಯಬೇಕು, ಹೊಸ ನೀರು ಒಳಗೆ ಹೋಗಬೇಕು. ತುಂಬಿದ ಚೀಲವನ್ನು ಹೆಂಡತಿ ಚೌಕಳಿ ಬಟ್ಟೆಯ ಮೇಲಿಟ್ಟು ನೋಡುವಳು. ಗೆರೆ ಕಂಡರೆ ನೀರು ತಿಳಿ. ಕಾಣದಿದ್ದರೆ ಸೋಂಕು, ಕೂಡಲೇ ಆಸ್ಪತ್ರೆ. ಡಾಕ್ಟರಮ್ಮ ಪತ್ರಿಕೆಯ ಮೇಲಿಟ್ಟು ನೋಡಿ ಎಂದಿದ್ದರು. ದರ್ಜಿಯ ಮನೆಯಲ್ಲಿ ಬಟ್ಟೆಗೇನು ಬರ!

ಒಂದು ದಿನ ಗೆರೆ ಕಾಣಲಿಲ್ಲ. ದಿನವೂ ಹೊಸ ನೀರಿನ ಚೀಲಕ್ಕೆ ಸೂಜಿಯಿಂದ ಚುಚ್ಚಿ ಸೇರಿಸಲು ಆಂಟಿಬಯೋಟಿಕ್ ಕೊಟ್ಟರು. ಮೂರು ವಾರ ತಪ್ಪಿಸಬೇಡಿ ಎಂದರು. ಒಂದೇ ವಾರಕ್ಕೆ ನೋವು ಹೋಯಿತು, ದರ್ಜಿಯ ಬುದ್ಧಿ ಚುರುಕಾಯಿತು.

"ಸಾಕು ಕಣೇ. ವಾಸಿಯಾದ ಮೇಲೂ ಔಷಧಿ ಯಾಕೆ? ಉಳಿದದ್ದು ಫ್ರಿಜ್‌ನಲ್ಲಿರಲಿ, ಮುಂದೆ ಬೇಕಾಗುತ್ತೆ."

"ಮೂರು ವಾರ ಅಂದಿದ್ದಾರಲ್ರೀ."

"ಸೂಜಿ ಹಿಡಿದರೆ ನಿನ್ನ ಕೈ ನಡುಗುತ್ತೆ, ನಾನು ನೋಡಿಲ್ವಾ? ಒಂದು ಸಲ ಕೈ ತಪ್ಪಿದರೆ ಇನ್ನೊಂದು ಸೋಂಕು."

ಕೈ ನಡುಗುತ್ತಿದ್ದುದು ನಿಜ. ಉಸ್ಸಪ್ಪಾ ಎಂದು ಅವಳೂ ಒಪ್ಪಿಬಿಟ್ಟಳು.

ಕೆಲವು ವಾರ ಕಳೆದ ಮೇಲೆ, "ಚೀಲ ನಾನೇ ಬದಲಾಯಿಸ್ಕೋತೀನಿ, ನೀನು ಒಲೆ ನೋಡ್ಕೋ" ಎಂದು ಅವನು ಬಾಗಿಲು ಹಾಕಿಕೊಳ್ಳತೊಡಗಿದ. ಗಂಡ ಚೇತರಿಸಿಕೊಂಡ ಎಂದು ಅವಳಿಗೆ ಖುಷಿ. ಆದರೆ ತಟ್ಟೆಯಲ್ಲಿ ಅರ್ಧ ಊಟ ಉಳಿಯುತ್ತಿತ್ತು. ಕೇಳಿದರೆ, "ಗಿರಾಕಿಗಳ ಹೊಟ್ಟೆ ಅಳೆದೂ ಅಳೆದೂ ನನ್ನ ಹಸಿವೇ ಹೋಗಿದೆ" ಎಂದು ನಗಿಸುತ್ತಿದ್ದ. ಹೊಲಿಗೆ ಯಂತ್ರದ ಸದ್ದು ನಡುನಡುವೆ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ನಿಂತದ್ದು ಮತ್ತೆ ಶುರುವಾಗಲಿಲ್ಲ. ಹೋಗಿ ನೋಡಿದರೆ ಅವನು ಹೊಟ್ಟೆ ಹಿಡಿದು ಯಂತ್ರದ ಮೇಲೆ ಬಾಗಿದ್ದ. ಬಚ್ಚಲಲ್ಲಿ ಇನ್ನೂ ಸುರಿಯದ ಚೀಲವಿತ್ತು. ಒಳಗಿನ ನೀರು ಅಕ್ಕಿ ತೊಳೆದ ಹಾಗಿತ್ತು.

"ಎಷ್ಟು ದಿನದಿಂದ್ರೀ?"

"ನಾಲ್ಕೈದು ದಿನ. ಉಳಿದ ಔಷಧಿ ಹಾಕ್ಕೊಂಡೆ. ಹೋದ ಸಲ ಕೇಳಿತ್ತಲ್ಲ."

"ನನಗೊಂದು ಮಾತು ಹೇಳಬಾರದಿತ್ತಾ?"

"ಮತ್ತೆ ಸೋಂಕು ಅಂದ್ರೆ ನಳಿಕೆ ತೆಗೆದುಬಿಡ್ತಾರೆ ಕಣೇ. ಆಮೇಲೆ ದಿನ ಬಿಟ್ಟು ದಿನ ಆಸ್ಪತ್ರೆಯ ಡಯಾಲಿಸಿಸ್ ಯಂತ್ರದ ಮುಂದೆ ಮಲಗಬೇಕು. ಅಂಗಡಿ ಯಾರು ನೋಡ್ತಾರೆ?"

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿ ಆಟೋ ಕರೆದಳು.

ಚೀಲದ ನೀರಿನ ಪರೀಕ್ಷೆಯಾದ ಮೇಲೆ ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಅರ್ಧಕ್ಕೆ ಬಿಟ್ಟಿರಲ್ಲ, ಬದುಕಿ ಉಳಿದ ಕ್ರಿಮಿಗಳು ಆ ಔಷಧಿಗೆ ಈಗ ಜಗ್ಗೋದಿಲ್ಲ. ಬೇರೆಯದು ಕೊಡ್ತೀನಿ. ಐದು ದಿನದಲ್ಲಿ ನೀರು ತಿಳಿಯಾಗದಿದ್ದರೆ ನಳಿಕೆ ತೆಗೆಯಲೇಬೇಕು. ಇಟ್ಟುಕೊಂಡರೆ ಜೀವಕ್ಕೇ ಅಪಾಯ."

ಐದನೆಯ ದಿನ ನರ್ಸ್ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಿಟಕಿಯ ಸರಳುಗಳು ಕಾಣಲಿಲ್ಲ.

"ಇನ್ನೊಂದು ದಿನ ನೋಡೋಣ ಡಾಕ್ಟರಮ್ಮ," ಹೆಂಡತಿ ಕೈಮುಗಿದಳು. "ಇವರಿಗೆ ಅಂಗಡಿಯೇ ಉಸಿರು."

"ಬೇಡ," ಎಂದ ದರ್ಜಿ. ಅವನ ಮುಖ ಬೆವತಿತ್ತು. "ಇನ್ನೊಂದು ದಿನ, ಇನ್ನೊಂದು ದಿನ ಅಂತಲೇ ನಾನು ಬಾಗಿಲು ಹಾಕ್ಕೊಂಡದ್ದು. ತೆಗೀರಿ."

"ಆಮೇಲೂ ಎರಡು ವಾರ ಔಷಧಿ ಇರುತ್ತೆ," ಎಂದರು ಡಾಕ್ಟರಮ್ಮ.

ಅವನು ಹೆಂಡತಿಯ ಕೈ ಹಿಡಿದುಕೊಂಡ. "ಕೇಳಿಸ್ಕೊಂಡ್ಯಲ್ಲ? ನೋವು ಹೋಯ್ತು, ಸಾಕು ಅಂತ ನಾನೇ ಗೋಗರೆದರೂ ನಿಲ್ಲಿಸಬೇಡ."