ಕೊರಳ ದಾರ

ದಾಸು ತಿರುಗಿ ಬಂದದ್ದು ಮುಂಗಾರು ಹಿಡಿದು ಇಟ್ಟಿಗೆ ಭಟ್ಟಿಗಳೆಲ್ಲ ಕೆಲಸ ನಿಲ್ಲಿಸಿದ ಮೇಲೆ. ತ್ಯಾವಣಿಗೆಯ ಕೊನೆಯ ಸಾಲಿನ ಸುಂಕಲಮ್ಮ ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ, ತಳ ಹಿಡಿದ ಅನ್ನವನ್ನು ಡಬ್ಬಿಗೆ ಹಾಕಿಕೊಂಡು ಮನೆಗೆ ಬರುತ್ತಿದ್ದಳು. ರಸ್ತೆಯಾಚೆ ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಕೆಂದುಬಣ್ಣದ ನಾಯಿಯೊಂದು ನಿಂತಿತ್ತು. ಮೈಯಲ್ಲಿ ಪಕ್ಕೆಲುಬು ಬಿಟ್ಟರೆ ಏನೂ ಇರಲಿಲ್ಲ. ಬಲಗಿವಿಯ ತುದಿಯಲ್ಲಿದ್ದ ಬಿಳಿ ಮಚ್ಚೆಯಿಂದ ಅವಳಿಗೆ ಗುರುತು ಹತ್ತಿತು.

"ದಾಸೂ" ಎಂದಳು.

ನಾಯಿ ಕಾಲಸಂದಿಯಲ್ಲಿ ಮುದುಡಿಕೊಂಡಿದ್ದ ಬಾಲವನ್ನು ತುಸು ಈಚೆ ತಂದು ಅಲ್ಲಾಡಿಸಿತು. ಅವಳು ಡಬ್ಬಿಯ ಮುಚ್ಚಳ ತೆಗೆದು ಅನ್ನ ಸುರಿಯಲು ಬಗ್ಗಿದಳು. ತಲೆಯೆತ್ತುವಷ್ಟರಲ್ಲಿ ನಾಯಿ ಹೊಲದೊಳಗೆ ನುಗ್ಗಿ ಮಾಯವಾಗಿತ್ತು. ಅದು ನಿಂತಿದ್ದ ಜಾಗದಲ್ಲಿ ಕೊಳೆತ ಮಾಂಸದ ವಾಸನೆಯೊಂದು ಉಳಿದಿತ್ತು.

ಹಿಂದಿನ ವರ್ಷ ಅವಳ ಹಿತ್ತಲಿನ ಸೌದೆಯ ಒಟ್ಟಿಲ ಕೆಳಗೆ ಬೀದಿನಾಯಿಯೊಂದು ಮರಿ ಹಾಕಿತ್ತು. ಎಲ್ಲ ಒಂದೊಂದಾಗಿ ಸತ್ತವು, ದಾಸು ಒಬ್ಬನೇ ಉಳಿದ. ಇದರ ಮೇಲೂ ಕೆಟ್ಟ ಕಣ್ಣು ಬೀಳದಿರಲೆಂದು ಕರೇ ನೈಲಾನ್ ದಾರವನ್ನು ಹುರಿ ಹೊಸೆದು ಅದರ ಕೊರಳಿಗೆ ಕಟ್ಟಿದವಳು ಸುಂಕಲಮ್ಮನೇ. ಗಂಟು ಬಿಚ್ಚಿಹೋಗಬಾರದೆಂದು ಬೆಂಕಿಕಡ್ಡಿ ಗೀರಿ ತುದಿಗಳನ್ನು ಕರಗಿಸಿ ಅಂಟಿಸಿದ್ದಳು. ಮರಿ ಬದುಕಿತು. ಹಾಲುಹಲ್ಲು ಬೀಳುವ ಹೊತ್ತಿಗೆ ಅವಳ ಗಂಡ ದೊಡ್ಡಣ್ಣ ಲೋಡ್ ತುಂಬಲು ಹೋಗುತ್ತಿದ್ದ ಬಸವಾಪಟ್ಟಣದ ಕಡೆಯ ಭಟ್ಟಿಯೊಂದರ ಮಾಲೀಕರು ಕಾವಲಿಗೆ ಗಂಡುನಾಯಿ ಬೇಕೆಂದರು. ಹೊಟ್ಟೆತುಂಬ ತಿಂದುಕೊಂಡಿರಲಿ ಎಂದು ಇವಳೂ ಒಪ್ಪಿದ್ದಳು. ನಾಯಿ ಬೆಳೆಯಿತು, ದಾರ ಬೆಳೆಯಲಿಲ್ಲ. ಅದರ ಮೇಲೆ ಸರಪಳಿ ಬಿದ್ದು, ಕೂದಲು ಮುಚ್ಚಿ, ಯಾರೂ ಕೈಹಾಕಿ ನೋಡಿರಲಿಲ್ಲ.

ಮರುದಿನ ಮಧ್ಯಾಹ್ನದ ಬಿಸಿಲಿನಲ್ಲಿ ಅವಳಿಗೆ ಗಾಯ ಸರಿಯಾಗಿ ಕಂಡಿತು. ಕೊರಳ ಸುತ್ತ ಕೆಂಪನೆಯ ಸೀಳು ಬಾಯಿ ಬಿಟ್ಟುಕೊಂಡಿತ್ತು. ದಾರ ಕಾಣುತ್ತಿರಲಿಲ್ಲ, ಒಳಗೆ ಹೋಗಿತ್ತು.

ಅವಳು ಬಸ್ಸು ಹತ್ತಿ ದನದ ಆಸ್ಪತ್ರೆಗೆ ಹೋಗಿ ಬಂದಳು. ಡಾಕ್ಟರು ಎಲ್ಲವನ್ನೂ ಕೇಳಿಕೊಂಡು, ದಾರ ಹೀಗೇ ಬಿಟ್ಟರೆ ಉಸಿರಿನ ಕೊಳವೆಯನ್ನು ಮುಟ್ಟುತ್ತದೆ, ಮುಟ್ಟಿದರೆ ಉಳಿಯುವುದಿಲ್ಲ, ಹಿಡಿದು ತಂದರೆ ಕತ್ತರಿಸುವುದೇನೂ ದೊಡ್ಡ ಕೆಲಸವಲ್ಲ ಎಂದರು. ಮಂಪರು ಬರುವ ಮಾತ್ರೆಯನ್ನು ಅನ್ನದಲ್ಲಿ ಕಲಸಿ ಹಾಕಬಹುದೇ ಎಂದು ಅವಳು ಕೇಳಿದಳು. ಕೊರಳು ಬಿಗಿದ ನಾಯಿ ಮತ್ತಿನಲ್ಲಿ ಹೊಲದೊಳಗೆ ಎಲ್ಲಾದರೂ ಬಿದ್ದುಕೊಂಡರೆ ಮತ್ತೆ ಏಳುವುದಿಲ್ಲ ಎಂದರು. ಕತ್ತರಿಸಿದ ಮೇಲೂ ದಿನಾ ಗಾಯಕ್ಕೆ ಔಷಧ ಹೊಡೆಯಬೇಕು, ಆದ್ದರಿಂದ ನಾಯಿ ಮನುಷ್ಯರ ಹತ್ತಿರ ಬರುವಂತಾಗಬೇಕು ಎಂದೂ ಹೇಳಿ, ಒಂದು ಸ್ಪ್ರೇ ಬಾಟಲಿಯನ್ನೂ ತುದಿ ಮೊಂಡಾಗಿರುವ ಕತ್ತರಿಯನ್ನೂ ಕೊಟ್ಟರು. ಕತ್ತರಿ ವಾಪಸು ಬರಬೇಕೆಂದು ಎಚ್ಚರಿಸಿದರು.

ನಾಯಿ ದಿನಾ ಅನ್ನದ ಹೊತ್ತಿಗೆ ಶಾಲೆಯ ಹಿಂದಿನ ಬೇಲಿಯ ಹತ್ತಿರ ಬರುತ್ತಿತ್ತು. ಎಷ್ಟು ಪ್ರೀತಿಯಿಂದ ಕರೆದರೂ ತಟ್ಟೆ ಇಡುವ ಹೊತ್ತಿಗೆ ಓಡುತ್ತಿತ್ತು. ಜೊತೆಗೆ ಅಡುಗೆ ಮಾಡುವ ಕರಿಬಸಮ್ಮ ಕೊಳಾಯಿಯ ಹತ್ತಿರ ಪಾತ್ರೆಗೆ ಬಗ್ಗಿದಾಗಲೂ ಹಾಗೇ ಓಡಿತು. ಆದರೆ ಅದೇ ದಿನ ಹೆಗಲ ಮೇಲೆ ದೊಣ್ಣೆಯಿಟ್ಟುಕೊಂಡು ಎಮ್ಮೆ ಹೊಡೆದುಕೊಂಡು ಹೋದವನನ್ನು ಕಂಡು ಅಲ್ಲಾಡದೆ ನಿಂತಿತ್ತು. ಸುಂಕಲಮ್ಮ ಅಂದು ಸಂಜೆ ಗಂಡನಿಗೆ ಚಹಾ ಕೊಟ್ಟು ಎದುರಿಗೇ ಕುಳಿತಳು.

"ಭಟ್ಟೀಲಿ ಅದಕ್ಕೆ ಏನ್ ಮಾಡಿದ್ರು?"

"ಎಲ್ಲಾ ನಾಯಿಗೂ ಮಾಡಂಗೆ ಮಾಡಿದ್ರು. ಹಗಲೆಲ್ಲಾ ಇಟ್ಟಿಗೆ ಒಟ್ಟಿಲ ಹಿಂದೆ ಕತ್ತಲಾಗೆ ಕಟ್ಟಾಕೋದು. ಹೋಗೋರು ಬರೋರು ಬಗ್ಗಿ ಒಂದು ಇಟ್ಟಿಗೆ ಚೂರು ತಗಂಡು ಒಗೆಯೋದು. ಕಾವಲು ನಾಯಿಗೆ ರೋಷ ಬರ್ಬೇಕಲ್ಲ."

"ನೀವೂ ಒಗದ್ರಾ?"

ದೊಡ್ಡಣ್ಣ ಚಹಾ ಕುಡಿದು ಲೋಟವನ್ನು ಕೆಳಗಿಟ್ಟ. "ನಾನು ಒಗೀಲಿಲ್ಲ" ಎಂದ. ಆಮೇಲೆ ಬಾಗಿಲ ಕಡೆ ನೋಡುತ್ತ, "ಬ್ಯಾಡ ಅಂತಾನೂ ಅನ್ನಲಿಲ್ಲ" ಎಂದ.

 ದಾಸುವಿಗೆ ಮನುಷ್ಯರು ಬಗ್ಗುವುದೆಂದರೆ ಏನೆಂದು ಅವಳಿಗೆ ತಿಳಿದಂತಾಯಿತು. ಬಗ್ಗದೆ ಅವಳ ಒಂದು ದಿನವೂ ಕಳೆಯುವುದಿಲ್ಲ. ಕಸ ಗುಡಿಸಬೇಕು, ಒಲೆ ಊದಬೇಕು, ಅಂಗಳಕ್ಕೆ ಸಗಣಿ ನೀರು ಹಾಕಬೇಕು. ಅದರ ಕಣ್ಣಿಗೆ ಅವಳು ಮುಂಜಾನೆಯಿಂದ ಸಂಜೆಯವರೆಗೆ ಕಲ್ಲೆತ್ತುತ್ತಲೇ ಇದ್ದಳು.

ಅಂದಿನಿಂದ ಅವಳು ನಾಯಿ ಬರುವ ಮೊದಲೇ ಹೋಗಿ ಬೇಲಿಯ ಪಕ್ಕದ ನೆಲದ ಮೇಲೆ ಕೂರತೊಡಗಿದಳು. ಕುಳಿತವರು ಬಗ್ಗುವ ಹಾಗಿಲ್ಲ. ತಟ್ಟೆಯನ್ನು ಕಾಲಿನಿಂದ ದೂರ ತಳ್ಳಿ, ಎರಡೂ ಕೈಗಳನ್ನು ಅಂಗೈ ಮೇಲಾಗಿ ಮಡಿಲಲ್ಲಿ ಇಟ್ಟುಕೊಂಡು, ನಾಯಿಯ ಕಡೆ ನೋಡದೆ ಕೂರುವಳು. ದಾಸು ಬಂದು, ಕುತ್ತಿಗೆ ಸೆಟೆಸಿಕೊಂಡೇ ತಿಂದು ಹೋಗುವನು. ತಟ್ಟೆ ಮೆಲ್ಲಮೆಲ್ಲಗೆ ಅವಳ ಕಾಲಿನ ಹತ್ತಿರಕ್ಕೆ, ಅಲ್ಲಿಂದ ಮೊಣಕಾಲಿನ ಹತ್ತಿರಕ್ಕೆ ಬಂತು. ಒಮ್ಮೆ ಅವಸರಪಟ್ಟು ಕೈ ಚಾಚಿದ್ದಕ್ಕೆ ಮತ್ತೆ ಕಾಲಿನಾಚೆಗೆ ಹೋಯಿತು. ಅದು ಅನ್ನ ತಿನ್ನುವಾಗಲೆಲ್ಲ ಅವಳು ಸೆರಗಿನ ಕೆಳಗೆ ಕತ್ತರಿಯನ್ನು ಆಡಿಸುವಳು. ಆ ಸದ್ದಿಗೆ ಮೊದಮೊದಲು ಬೆಚ್ಚುತ್ತಿದ್ದ ನಾಯಿ, ಬರಬರುತ್ತ ಕತ್ತರಿ ಆಡಿದರೆ ಅನ್ನ ಬಂತೆಂದು ಕಿವಿ ನಿಮಿರಿಸತೊಡಗಿತು.

ಕರಿಬಸಮ್ಮನಿಗೆ ನಗು. ಶಾಲೆಯ ಹುಡುಗರಿಗೂ ಇಷ್ಟು ಪುಸಲಾಯಿಸಿ ಬಡಿಸಿಲ್ಲ ನೀನು ಎಂದು ಹಂಗಿಸುವಳು. ದೊಡ್ಡಣ್ಣನೂ ಬಿಡುತ್ತಿರಲಿಲ್ಲ. "ಹೊಸ ಅಳಿಯ ಬಂದಂಗೆ ಕಾಯ್ತಾ ಕುಂತಿರ್ತೀಯಲ್ಲೇ. ಒಂದು ಎಲೆಅಡಿಕೆ ತಟ್ಟೇನೂ ಇಡು" ಎನ್ನುವನು. ಆದರೆ ಸಂಜೆಗೊಮ್ಮೆ, ಹತ್ರ ಬಂತಾ, ವಾಸನೆ ಜಾಸ್ತಿ ಆಗೈತಾ ಎಂದು ಕೇಳದೆ ಇರುತ್ತಿರಲಿಲ್ಲ. ವಾಸನೆ ಜಾಸ್ತಿಯಾಗುತ್ತಲೇ ಇತ್ತು. ಹುಳು ಬಿದ್ದಿದ್ದವು. ನುಂಗುವಾಗ ನಾಯಿ ತಲೆ ಮೇಲೆತ್ತಿ ನಿಂತುಬಿಡುತ್ತಿತ್ತು.

ಒಂದು ಭಾನುವಾರ, ಶಾಲೆಗೆ ರಜೆಯೆಂದು ಅವಳು ಮನೆಯಿಂದಲೇ ಅನ್ನ ತಂದಿದ್ದಾಗ, ಮಳೆ ಬಿಟ್ಟ ಹೊತ್ತಿನಲ್ಲಿ, ದಾಸು ತಟ್ಟೆಯನ್ನು ನೆಕ್ಕಿ ಮುಗಿಸಿ ಹೋಗದೆ ನಿಂತ. ಮೂಗನ್ನು ಅವಳ ಅಂಗೈಗೆ ತಂದ. ಅವಳು ಬೆರಳನ್ನು ಮಡಿಸದೆ ಅಂಗೈಯನ್ನು ಹಾಗೇ ಗದ್ದದ ಕೆಳಗೆ ಸರಿಸಿದಳು. ಬಿಸಿ ಉಸಿರು, ಗೊರಗೊರ ಸದ್ದು. ತಲೆಯ ಭಾರವನ್ನು ಅದು ಮೆಲ್ಲಗೆ ಅವಳ ಅಂಗೈಯ ಮೇಲೆ ಬಿಟ್ಟಿತು. ಅವಳ ಇನ್ನೊಂದು ಕೈ ಸೆರಗಿನ ಕೆಳಗೆ ಕತ್ತರಿಯನ್ನು ಹಿಡಿಯಿತು.

ಆಗ ಬೇಲಿಯ ಹಿಂದಿನಿಂದ ನಾಯಿಯ ಮೇಲೆ ತಾಡಪಾಲು ಬಂದು ಬಿತ್ತು.

ದೊಡ್ಡಣ್ಣ, ಪಕ್ಕದ ಮನೆಯ ಕೆಂಚೇಶ್ ಇಬ್ಬರೂ ಅದರ ಮೇಲೆ ಬಿದ್ದಿದ್ದರು. ಹೆಂಡತಿ ಪಡುವ ಪಾಡು ನೋಡಲಾರದೆ ಅವನೇ ಕೆಂಚೇಶನನ್ನು ಕರೆದುಕೊಂಡು ಬಂದು ಅಡಗಿ ಕುಳಿತಿದ್ದ, ನಾಯಿ ಒಂದು ಗಳಿಗೆ ಕದಲದೆ ನಿಂತರೆ ಸಾಕೆಂದು. ತಾಡಪಾಲಿನ ಕೆಳಗೆ ಕಿರುಚಾಟ, ಒದೆದಾಟ. ಕೆಂಚೇಶನ ಹಿಡಿತ ಕೊರಳ ಗಾಯದ ಮೇಲೆಯೇ ಬಿದ್ದಿರಬೇಕು. ಅಷ್ಟು ಕೃಶವಾದ ನಾಯಿ ಇಬ್ಬರನ್ನೂ ಕೊಡವಿಕೊಂಡು, ರಕ್ತ ಸುರಿಸುತ್ತ ಕಾಲುವೆಯ ಕಡೆ ಓಡಿತು.

ಸುಂಕಲಮ್ಮ ಬೈಯಲಿಲ್ಲ. ಎದ್ದು ಸೀರೆಯ ಕೆಸರು ಒರೆಸಿಕೊಂಡಳು. "ನನ್ನ ಕೈಗೆ ಬಂದಿತ್ತು ಅದು" ಎಂದಳು. ಅಷ್ಟೇ. ಮನೆಯಲ್ಲಿ ಅಡುಗೆ ಮಾಡಿದಳು, ಬಡಿಸಿದಳು. ದೊಡ್ಡಣ್ಣ ಮಳೆಯಲ್ಲೇ ಕಾಲುವೆಯ ಏರಿಯುದ್ದಕ್ಕೂ ಹೋಗಿ ಹುಡುಕಿ ಬಂದ. ನಾಳೆ ಬರುತ್ತದೆ ಎಂದು ತಾನೇ ಹೇಳಿಕೊಂಡ. ಅವಳು ದಿನಾ ಹೋಗಿ ಬೇಲಿಯ ಪಕ್ಕ ಕೂರುವಳು, ತಟ್ಟೆಯ ಅನ್ನವನ್ನು ಕಾಗೆಗಳು ತಿಂದು ಹೋಗುವವು.

ಸುದ್ದಿ ತಂದವನು ಕೆಂಚೇಶನೇ. ಊರಾಚೆಯ ಕಣದಲ್ಲಿ ನಿಲ್ಲಿಸಿದ್ದ ಮೆಕ್ಕೆಜೋಳ ಒಕ್ಕುವ ಮಿಷನ್ನಿನ ಕೆಳಗೆ ದಾಸು ಬಿದ್ದುಕೊಂಡಿದ್ದ. ಮೂವರೂ ಹೋದರು. ಮುಖ ಮುಂಗಾಲಿನ ಮೇಲಿತ್ತು, ಕಣ್ಣು ಅರೆ ತೆರೆದಿತ್ತು, ನೊಣ ಮುತ್ತಿದ್ದವು.

"ಏಳಾಕೂ ಆಗ್ತಿಲ್ಲ ಅತ್ತಿಗೆ ಅದಕ್ಕೆ. ಈಗ ಇಬ್ರು ಸಾಕು. ನಾನು ಬಾಯಿ ಹಿಡ್ಕಂತೀನಿ, ಅಣ್ಣ ಕಾಲು ಹಿಡ್ಕಳ್ಲಿ" ಎಂದ ಕೆಂಚೇಶ್.

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸುಂಕಲಮ್ಮನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಇವತ್ತು ದಾರ ಬರುತ್ತದೆ. ಆದರೆ ಹಾಗೆ ಹಿಡಿದರೆ ನಾಳೆ ಔಷಧ ಹೊಡೆಯಲು ಇದು ಯಾರ ಹತ್ತಿರ ಬರುತ್ತದೆ? ಉಳಿದಿರುವ ಒಂದು ಹಿಡಿ ಜೀವವನ್ನು ಬಿಡಿಸಿಕೊಳ್ಳುವುದಕ್ಕೆ ಖರ್ಚು ಮಾಡಿ, ಯಾರಿಗೂ ಸಿಗದ ಕಡೆ ಹೋಗಿ ಸಾಯುತ್ತದೆ.

"ನೀವಿಬ್ರೂ ಅಲ್ಲೇ ಕುಂತ್ಕಳ್ರಿ" ಎಂದಳು. "ನಿಂತ್ಕಬ್ಯಾಡ್ರಿ. ಕೈ ಮಡಿಲಾಗೆ ಇರ್ಲಿ."

ಕಣದ ತುಂಬ ಕೆಸರು. ಕೆಂಚೇಶ್ ದೊಡ್ಡಣ್ಣನ ಮುಖ ನೋಡಿದ. ದೊಡ್ಡಣ್ಣ ಪಂಚೆ ಎತ್ತಿಕೊಳ್ಳದೆ ಹಾಗೇ ಕೆಸರಿನಲ್ಲಿ ಕುಳಿತ. ಕೆಂಚೇಶನೂ ಕುಳಿತ.

ಅವಳು ದೂರದಲ್ಲೇ ಕುಳಿತು, ಕುಳಿತಂತೆಯೇ ತುಸುತುಸುವೇ ಮುಂದೆ ಸರಿದಳು. ನಾಯಿ ತುಟಿ ಸರಿಸಿ ಹಲ್ಲು ತೋರಿಸಿದರೆ ಅಲ್ಲೇ ನಿಲ್ಲುವಳು. ತುಟಿ ಇಳಿದ ಮೇಲೆ ಮತ್ತೆ ಸರಿಯುವಳು. ಮಿಷನ್ನಿನ ನೆರಳಿಗೆ ಬಂದಾಗ ಕತ್ತರಿಯನ್ನು ಗಾಳಿಯಲ್ಲಿ ಆಡಿಸಿದಳು. ನಾಯಿಯ ಕಿವಿ ಅಲುಗಿತು. ಅಂಗೈ ಚಾಚಿ ಕಾದಳು. ತೋಳು ಸೋಲುವಷ್ಟು ಹೊತ್ತು ಕಾದಳು. ದಾಸು ತೆವಳಿ ಬಂದು ಗದ್ದವನ್ನು ಅಲ್ಲಿಟ್ಟ.

ಅವಳು ಕತ್ತರಿಯ ಮೊಂಡು ತುದಿಯನ್ನು ಗಾಯದೊಳಗೆ ತೂರಿಸಿದಳು. ಕೀವಿನ ನಡುವೆ ದಾರ ಗಟ್ಟಿಯಾಗಿ ತಾಕಿತು. ಬೆಂಕಿ ಕೊಟ್ಟು ಅಂಟಿಸಿದ್ದ ಗಂಟು ಅಷ್ಟು ದಿನವಾದರೂ ಸಡಿಲಾಗಿರಲಿಲ್ಲ. ಗಂಟು ಬಿಟ್ಟು ಪಕ್ಕಕ್ಕೆ ಕತ್ತರಿ ಹಾಕಿ ಒತ್ತಿದಳು. ನಾಯಿ ಊಳಿಟ್ಟು ಅವಳ ಮಣಿಕಟ್ಟನ್ನು ಬಾಯಲ್ಲಿ ಹಿಡಿಯಿತು. ಹಿಂದೆ ದೊಡ್ಡಣ್ಣ ಎದ್ದ ಸದ್ದಾಯಿತು.

"ಏಳಬ್ಯಾಡ್ರಿ" ಎಂದಳು, ತಿರುಗದೆ.

ಕೈ ಕಿತ್ತುಕೊಳ್ಳಲಿಲ್ಲ. ಹಲ್ಲು ಚರ್ಮ ದಾಟಿತ್ತು, ಆದರೆ ಅದಕ್ಕಿಂತ ಆಳಕ್ಕೆ ಇಳಿಯದೆ ಹಾಗೇ ಹಿಡಿದುಕೊಂಡಿತ್ತು. "ಆತು ಕಣಪ್ಪ, ಆತು" ಎನ್ನುತ್ತ ಇನ್ನೊಮ್ಮೆ ಒತ್ತಿದಳು. ದಾರ ತುಂಡಾಯಿತು. ಕೂದಲು, ಚರ್ಮ, ಹುಳು ಎಲ್ಲ ಅಂಟಿಕೊಂಡಿದ್ದ ಅದನ್ನು ಅವಳು ಎಳೆದು ತೆಗೆಯುವವರೆಗೂ ನಾಯಿ ಮಣಿಕಟ್ಟು ಬಿಡಲಿಲ್ಲ. ಬಿಟ್ಟ ಮೇಲೆ ದೀರ್ಘವಾಗಿ ಉಸಿರೆಳೆದುಕೊಂಡಿತು. ತಿರುಗಿ ಬಂದಂದಿನಿಂದ ಅದರ ಪಕ್ಕೆ ಅಷ್ಟು ಅಗಲವಾಗುವುದನ್ನು ಅವಳು ನೋಡಿರಲಿಲ್ಲ. ಔಷಧ ಹೊಡೆದಾಗ ಎದ್ದು, ತೂರಾಡುತ್ತ ಹೊಲದೊಳಗೆ ಹೋಯಿತು. ಯಾರೂ ಹಿಂದೆ ಹೋಗಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಮ್ಮ ಕೈ ತೊಳೆಸಿ, ಸೂಜಿ ಹಾಕಿ, ಚೀಟಿ ಬರೆಯುತ್ತ ಕೇಳಿದಳು.

"ಸಾಕಿದ್ದಾ, ಬೀದೀದಾ?"

"ನಮ್ದು" ಎಂದಳು ಸುಂಕಲಮ್ಮ.

"ಹುಚ್ಚು ಐತೋ ಇಲ್ವೋ ತಿಳೀಬೇಕಲ್ಲ, ಹತ್ತು ದಿನ ನಾಯಿ ಕಣ್ಮುಂದೆ ಇರ್ಬೇಕು. ಕಟ್ಟಿ ಹಾಕ್ರಿ."

"ಕಟ್ಟಾಕಲ್ಲ ರೀ."

"ಮತ್ತೆ ಹೆಂಗೆ ನೋಡ್ತೀರಿ?"

ಸುಂಕಲಮ್ಮ ನೋಡ್ತೀವಿ ಎಂದಷ್ಟೇ ಹೇಳಿ, ಮತ್ತೆ ಯಾವತ್ತು ಬರಬೇಕೆಂದು ಕೇಳಿಕೊಂಡು ಹೊರಟಳು.

ಸಂಜೆಯಾಗುತ್ತಿತ್ತು. ಮನೆಯ ತಿರುವಿಗೆ ಬಂದಾಗ ದೊಡ್ಡಣ್ಣ ಅಂಗಳದಲ್ಲಿ ನೆಲದ ಮೇಲೆ ಕುಳಿತಿರುವುದು ಕಂಡಿತು. ಪಂಚೆಯ ಕೆಸರು ಒಣಗಿ ಬಿಳಿಚಿತ್ತು. ಎರಡೂ ಅಂಗೈಗಳು ಮಡಿಲಲ್ಲಿ ಮೇಲಾಗಿದ್ದವು. ಅವನ ಕಾಲಿನಿಂದ ಬಹಳ ದೂರದಲ್ಲಿ, ಬೇಲಿಯ ಗೂಟದ ಹತ್ತಿರ, ತಟ್ಟೆಗೆ ಬಾಯಿ ಹಾಕಿ ದಾಸು ನಿಂತಿದ್ದ. ತಿನ್ನುವುದು, ತಲೆಯೆತ್ತಿ ಅವನ ಕೈ ನೋಡುವುದು, ಮತ್ತೆ ತಿನ್ನುವುದು. ದೊಡ್ಡಣ್ಣನಿಗೆ ಕಾಲು ಜೋಮು ಹಿಡಿದಿತ್ತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹೆಂಡತಿಯನ್ನು ಕಂಡು, ತಲೆ ಅಲ್ಲಾಡಿಸದೆ, ಬರಬೇಡ ಎಂದು ಕಣ್ಣಲ್ಲೇ ಹೇಳಿದ.

ಸುಂಕಲಮ್ಮ ಚೀಟಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು, ದಾರಿಯ ಅಂಚಿನಲ್ಲಿ ನಿಂತಲ್ಲೇ ಕುಳಿತಳು.