ಎರಡಡಿಯ ಕಿಟಕಿ

ಹನ್ನೊಂದು ವಿಷಯ ಸಿಕ್ಕಿದ್ದವು, ಹನ್ನೆರಡನೆಯದು ಸಿಕ್ಕಿರಲಿಲ್ಲ. ಬ್ಲಾಗಿನಾಕೆ ಬೋರ್ಡಿನ ಮೇಲೆ ನೀಲಿ ಮಾರ್ಕರಿನಲ್ಲಿ ಬರೆದದ್ದನ್ನು ಇಂಚಣ್ಣ ಮತ್ತೊಮ್ಮೆ ಓದಿದ. ಸಣ್ಣ ಅಡುಗೆಮನೆಯನ್ನು ದೊಡ್ಡದಾಗಿ ತೋರಿಸುವ ಏಳು ಉಪಾಯಗಳು. ಮೆಟ್ಟಿಲ ಕೆಳಗಿನ ಜಾಗಕ್ಕೊಂದು ಗತಿ. ಬಿಳಿ ಗೋಡೆಯೇ ಏಕೆ. ಆರ್ಕಿಟೆಕ್ಟರ ಬಳಿ ಹೋಗುವ ಮುನ್ನ ಗಂಡ ಹೆಂಡತಿ ಜಗಳ ಮುಗಿಸಿಕೊಳ್ಳಬೇಕಾದ ಸಂಗತಿಗಳು. ಈ ಕೊನೆಯದು ಅವನದೇ ಸಲಹೆ. ತಮಾಷೆಗೆ ಅಂದದ್ದನ್ನು ಯಾರೂ ನಗದೆ ಬರೆದುಕೊಂಡುಬಿಟ್ಟಿದ್ದರು.

ಆರ್ಕಿಟೆಕ್ಟ್ ಕಚೇರಿಯ ಬ್ಲಾಗಿಗೆ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ಲೇಖನ ಬರೆದರೆ ಹೊಸ ಗಿರಾಕಿಗಳು ತಾವಾಗಿ ಬರುತ್ತಾರೆಂದು ಬ್ಲಾಗಿನಾಕೆ ನಂಬಿಸಿದ್ದಳು. ಮಂಗಳವಾರ, ಶುಕ್ರವಾರ ಮಾತ್ರ ಬರುತ್ತಿದ್ದ ಆಕೆಗೆ ಕಟ್ಟಡಗಳ ವಿಚಾರ ಅಷ್ಟಾಗಿ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದನ್ನು ಕೇಳುವ ಒಳ್ಳೆಯ ಬುದ್ಧಿಯಿತ್ತು. ಇಂಚಣ್ಣನಿಗೋ ಕಟ್ಟಡ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಮೂವತ್ಮೂರು ವರ್ಷ ಇದೇ ಕಚೇರಿಯಲ್ಲಿ ನಕ್ಷೆ ಬರೆದವನು. ಹೇಗಿದ್ದೀರಿ ಅಂದರೆ, ನಿನ್ನೆಗಿಂತ ಕಾಲಿಂಚು ವಾಸಿ ಅನ್ನುವವನು. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಮೇಡಂ ತಂದೆಯ ಕುರ್ಚಿಯಲ್ಲಿ ಕೂತಿದ್ದಳು. ಕಚೇರಿಯ ಯಜಮಾನರಾಗಿದ್ದ ಅವರು ತೀರಿಕೊಂಡು ಎಂಟು ತಿಂಗಳಾಗಿದ್ದರೂ ಆಕೆ ಆ ಕುರ್ಚಿಯ ಎತ್ತರ ತಗ್ಗಿಸಿಕೊಂಡಿರಲಿಲ್ಲ. ಕಾಲ ಬೆರಳುಗಳಷ್ಟೇ ನೆಲಕ್ಕೆ ತಾಕುತ್ತಿದ್ದವು. ಹನ್ನೆರಡನೆಯದು ತನ್ನ ಬಳಿ ಇದೆ ಎಂದಳು. ಅಪ್ಪನ ಕಿಟಕಿ.

ಯಾವ ಕಿಟಕಿ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಈ ಕಚೇರಿಗೆ ಹೆಸರು ತಂದದ್ದೇ ಇಲ್ಲಿ ನಕ್ಷೆ ಬರೆದ ಊರಿನ ಗ್ರಂಥಾಲಯದ ಆ ಕಿಟಕಿಗಳು. ಎಲ್ಲರೂ ನೆಲದಿಂದ ಮೂರಡಿ ಗೋಡೆ ಬಿಟ್ಟು ಕಿಟಕಿ ಇಡುವ ಕಾಲದಲ್ಲಿ ಯಜಮಾನರು ಎರಡೇ ಅಡಿಗೆ ಇಟ್ಟಿದ್ದರು. ಕೂತು ಓದುವವರು ತಲೆಯೆತ್ತಿದರೆ ಸಾಕು, ಬೀದಿಗೆ ಬೀದಿಯೇ ಕಾಣುತ್ತಿತ್ತು. ಆಮೇಲೆ ಬಂದ ಗಿರಾಕಿಗಳೆಲ್ಲ ಅದನ್ನೇ ಕೇಳಿದರು.

"ನಾನಾಗ ನಾಲ್ಕು ವರ್ಷದವಳು," ಎಂದಳು ಮೇಡಂ. "ಇನ್ನೂ ಗಾರೆ ಮೆತ್ತಿರಲಿಲ್ಲ. ಅಪ್ಪ ನನ್ನನ್ನ ಕಿಟಕಿ ಮುಂದೆ ನಿಲ್ಲಿಸಿ, ಬೀದಿ ಕಾಣುತ್ತಾ ಪುಟ್ಟಿ ಅಂತ ಕೇಳಿದ್ರು. ಕಾಣುತ್ತೆ ಅಂದೆ. ನನಗೋಸ್ಕರ ಇಳಿಸಿದ್ದು ಅದು. ಅಲ್ವಾ ಮಾಮ?"

ಹಳೆಯ ನಕ್ಷೆ ನೋಡಿ ಹೇಳುತ್ತೇನೆಂದು ಇಂಚಣ್ಣ ಎದ್ದ. ನೋಡಲು ಅದರಲ್ಲಿ ಏನಿದೆಯೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ನಕ್ಷೆಗಳ ಕೋಣೆಗೆ ಬ್ಲಾಗಿನಾಕೆಯೂ ಫೋಟೋ ತೆಗೆಯಲೆಂದು ಹಿಂದೆಯೇ ಬಂದಳು. ಅವನು ಒಂದೊಂದೇ ಹಾಳೆ ಬಿಡಿಸಿದಂತೆಲ್ಲ ಬಗ್ಗಿ ನೋಡಿದಳು. ಕಟ್ಟಡವನ್ನು ಮಧ್ಯಕ್ಕೆ ಸೀಳಿ ಒಳಗನ್ನು ತೋರಿಸುವ ನಕ್ಷೆಗಳವು. ಗ್ರಂಥಾಲಯಕ್ಕಿಂತ ಹಿಂದಿನ ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ಒಬ್ಬಳು ಪುಟ್ಟ ಹೆಂಗಸು ನಿಂತಿದ್ದಳು. ಎಡಗೈಯಲ್ಲಿ ಚೀಲ, ಬೆನ್ನ ಮೇಲೆ ಜಡೆ. ನಕ್ಷೆಯಲ್ಲಿ ಒಬ್ಬ ಮನುಷ್ಯ ಇರದಿದ್ದರೆ ಬಾಗಿಲು ಎಷ್ಟೆತ್ತರವೆಂದು ನೋಡುವವರಿಗೆ ಅಂದಾಜು ಸಿಗುವುದಿಲ್ಲ. ಅದಕ್ಕೇ ನಕ್ಷೆ ಬರೆಯುವ ಒಬ್ಬೊಬ್ಬರಿಗೂ ತಮ್ಮದೊಂದು ಗೊಂಬೆ ಇರುತ್ತದೆ ಎಂದು ಅವನು ವಿವರಿಸಿದ. ತನ್ನ ಗೊಂಬೆಗೆ ಒಂದು ಅಳತೆಯಿತ್ತೆಂಬುದನ್ನು ವಿವರಿಸಲಿಲ್ಲ. ಐದಡಿ ಅರ್ಧ ಇಂಚು. ಆ ಅರ್ಧ ಇಂಚು ಬಿಟ್ಟೀರಾ ಜೋಕೆ, ಎಂದು ಹೆಂಡತಿ ಮದುವೆಯಾದ ಹೊಸದರಲ್ಲೇ ತಾಕೀತು ಮಾಡಿದ್ದಳು. ಅಷ್ಟು ಸಣ್ಣ ಚಿತ್ರದಲ್ಲಿ ಅರ್ಧ ಇಂಚೆಂದರೆ ಪೆನ್ನಿನ ಗೆರೆಯ ದಪ್ಪ. ಅವನು ಪ್ರತಿ ಸಲವೂ ಆ ಒಂದು ಗೆರೆ ಸೇರಿಸುತ್ತಿದ್ದ.

ಗ್ರಂಥಾಲಯದ ಹಾಳೆಯಲ್ಲಿ ಅವಳು ನಿಂತಿರಲಿಲ್ಲ. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಜಡೆಯಿರಲಿಲ್ಲ.

ಹೆಂಡತಿ ಕಾಯಿಲೆ ಬಿದ್ದ ಆ ವರ್ಷ ಅವರದು ಬಾಡಿಗೆ ಮನೆ, ಕಿಟಕಿ ಎತ್ತರದಲ್ಲಿತ್ತು. ಬೆಳಿಗ್ಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೆಲಸಕ್ಕೆ ಹೊರಟರೆ ಸಂಜೆ ಅವನು ಬರುವವರೆಗೂ ಅದರ ಮುಂದೆಯೇ ಇರುತ್ತಿದ್ದಳು. ಏನೇನು ನೋಡಿದೆ ಎಂದು ಒಂದು ದಿನ ಕೇಳಿದ್ದಕ್ಕೆ, "ಬರೀ ಆಕಾಶ ಕಾಣುತ್ತೆ ಕಣ್ರೀ. ಆಕಾಶದಲ್ಲಿ ಯಾರು ಓಡಾಡ್ತಾರೆ?" ಅಂದಿದ್ದಳು. ಮರುದಿನ ಗ್ರಂಥಾಲಯದ ನಕ್ಷೆಯಲ್ಲಿ ಮೂರಡಿ ಎಂದು ಬರೆಯಬೇಕಾದ ಕಡೆ ಅವನ ಕೈ ಎರಡಡಿ ಎಂದು ಬರೆಯಿತು. ಕೈತಪ್ಪೋ ಬೇಕೆಂದೇ ಮಾಡಿದ್ದೋ, ಇಪ್ಪತ್ತೇಳು ವರ್ಷವಾದರೂ ಅವನಿಗೆ ಬಗೆಹರಿದಿರಲಿಲ್ಲ. ಯಜಮಾನರು ಅವಸರದಲ್ಲಿ ಸಹಿ ಹಾಕಿದರು. ಗೋಡೆ ಎದ್ದ ಮೇಲೆ ನೋಡಿ ದಂಗಾಗಿ, ಕಾವಲುಗಾರನ ಕುರ್ಚಿ ಎಳೆದು ಕಿಟಕಿಯ ಮುಂದೆ ಕೂತರು. ಬಹಳ ಹೊತ್ತು ಬೀದಿ ನೋಡಿದರು. ಅವರಿಗೆ ಅವನ ಮನೆಯ ಕಷ್ಟ ಗೊತ್ತಿತ್ತು. ಇರಲಿ ಬಿಡು ಎಂದು ಎದ್ದು, ಗಿರಾಕಿಗಳಿಗೆ ಅದು ತಮ್ಮದೇ ಯೋಚನೆ ಎಂದರು. ಅವನ ಕೆಲಸ ಉಳಿಯಿತು. ಆ ಕಟ್ಟಡಕ್ಕೆ ಗಾಜು ಕೂರಿಸುವ ವಾರ ಅವಳು ಉಳಿಯಲಿಲ್ಲ.

"ಅಣ್ಣ, ಇದಾದ ಮೇಲೆ ನಿಮ್ಮ ಯಾವ ನಕ್ಷೆಯಲ್ಲೂ ಜನವೇ ಇಲ್ಲವಲ್ಲ," ಎಂದಳು ಬ್ಲಾಗಿನಾಕೆ, ಮುಂದಿನ ಹಾಳೆಗಳನ್ನು ಮಗುಚುತ್ತ.

"ಮರ ಹಾಕ್ತೀನಿ. ಮರ ಎಲ್ಲೂ ಹೋಗಲ್ಲ."

ಆಕೆ ನಿಂತ ಹೆಂಗಸನ್ನೂ ಕೂತ ಹೆಂಗಸನ್ನೂ ನೋಡಿ, ಕೊನೆಗೆ ಅವನ ಮುಖ ನೋಡಿದಳು. ಅವಳೇನೂ ದಡ್ಡಿಯಲ್ಲ.

"ಹನ್ನೆರಡನೇದು ಇದು," ಎಂದಳು ಮೆಲ್ಲಗೆ. "ನಾನು ಬರೀತೀನಿ. ನೀವು ಹೂಂ ಅನ್ನಿ ಸಾಕು."

ಹೂಂ ಅನ್ನಬೇಕೆಂದು ಅವನಿಗೆ ತುಂಬ ಆಸೆಯಾಯಿತು. ಹೆಂಡತಿಯ ಬಗ್ಗೆ ಯಾರೂ ಒಂದು ಸಾಲೂ ಎಲ್ಲೂ ಬರೆದಿರಲಿಲ್ಲ. ಮಕ್ಕಳಿಲ್ಲ, ನೆನಪಿಟ್ಟುಕೊಂಡವನು ಅವನೊಬ್ಬನೇ, ಅವನಿಗೋ ಅರವತ್ತೊಂದು.

ಅಷ್ಟರಲ್ಲಿ ಮೇಡಂ ಬಂದಳು. ಹಾಳೆಯ ಮೂಲೆಯಲ್ಲಿದ್ದ ತಂದೆಯ ಸಹಿಯ ಮೇಲೆ ಮೊದಲು ಬೆರಳಾಡಿಸಿದಳು. ಲೇಖನಕ್ಕೆ ಇದರದೇ ಚಿತ್ರ ಇರಲಿ, ಆಮೇಲೆ ಫ್ರೇಮು ಹಾಕಿಸಿ ಅಪ್ಪನ ಫೋಟೋ ಪಕ್ಕ ತೂಗುಹಾಕೋಣ ಎಂದಳು. ಅನಂತರ ಅವಳ ಬೆರಳು ಕಿಟಕಿಯ ಹತ್ತಿರ ಬಂದು ನಿಂತಿತು.

"ಇದ್ಯಾರು ಮಾಮ, ಕಾಯಿಲೆಯವರ ಹಾಗೆ? ಇಲ್ಲಿ ನಾನಿರಬೇಕಿತ್ತಲ್ಲ. ಅಪ್ಪ ನಿಮಗೆ ಹೇಳಿರಲಿಲ್ವಾ?"

ಕೊನೆಯ ಮಾತಿಗೆ ಬರುವಾಗ ಮೇಡಮ್ಮಿನ ದನಿ ಮೇಡಮ್ಮಿನದಾಗಿ ಉಳಿದಿರಲಿಲ್ಲ. ಬ್ಲಾಗಿನಾಕೆ ಬಾಯಿ ತೆರೆದಳು. ಅವಳಿಗಿಂತ ಮುಂಚೆ ಇಂಚಣ್ಣ ಮಾತಾಡಿದ. ಕಚೇರಿ ಮೇಡಮ್ಮಿನ ಕೈಗೆ ಬಂದಾಗಿನಿಂದ ಅವಳಿಗೆ ನೀವು ಅನ್ನುತ್ತಿದ್ದವನು ಅದನ್ನು ಮರೆತೇಬಿಟ್ಟಿದ್ದ.

"ಹೇಳಿದ್ರಮ್ಮ. ಮಗು ಹಾಕು ಅಂದಿದ್ರು, ನಾನೇ ಮರೆತೆ. ಕಿಟಕಿ ಇಳಿಸಿದ್ದು ನಿನಗೋಸ್ಕರವೇ."

ಅವಳು ತಲೆಯಾಡಿಸಿದಳು. ಹಾಗಾದರೆ ಈಗ ತಿದ್ದಿಕೊಡ್ತೀರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಕಣ್ಣೊರೆಸಿಕೊಳ್ಳಲು ಹೊರಗೆ ಹೋದಳು. ಕಂಪ್ಯೂಟರಿನಲ್ಲಿ ತಿದ್ದಬಹುದು, ಅಸಲಿ ಹಾಗೇ ಇರಲಿ ಎಂದು ಬ್ಲಾಗಿನಾಕೆ ಗೋಗರೆದಳು. ಗೋಡೆಗೆ ಹೋಗುವುದು ಅಸಲಿಯೇ ಅಲ್ಲವೇ, ಎಂದ ಅವನು.

ಬೆಳಕು ಹಾಯುವ ಟ್ರೇಸಿಂಗ್ ಹಾಳೆಯ ಮೇಲಿನ ಶಾಯಿಯನ್ನು ಅಳಿಸಲಾಗುವುದಿಲ್ಲ, ಬ್ಲೇಡಿನಿಂದ ಹೆರೆಯಬೇಕು. ಅವನು ಹೊಸ ಬ್ಲೇಡಿನ ಕಾಗದ ಬಿಚ್ಚಿದ. ಮೊದಲು ಗಾಲಿಗಳು, ಆಮೇಲೆ ಪಾದ, ಮಡಿಲ ಮೇಲಿಟ್ಟ ಕೈ. ಉಸಿರಿಗೆ ಪುಡಿ ಹಾರದಂತೆ ತುಟಿ ಬಿಗಿಹಿಡಿದಿದ್ದ. ತಲೆಯ ಮೇಲಿನ ಕೊನೆಯ ಗೆರೆಗೆ ಬಂದಾಗ ಸ್ವಲ್ಪ ಹೊತ್ತು ಬ್ಲೇಡು ಎತ್ತಿಟ್ಟ. ಎಲ್ಲ ಹೋದ ಮೇಲೆ ಒರಟಾದ ಜಾಗವನ್ನು ಉಗುರಿನಿಂದ ಸವರಿ ನಯಮಾಡಿ, ನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಬರೆದ. ಮೂರಡಿ ನಾಲ್ಕಿಂಚು. ಎರಡು ಜುಟ್ಟು ಕೊಟ್ಟ.

ಬ್ಲಾಗಿನಾಕೆ ಫೋಟೋ ತೆಗೆಯಲು ಹಾಳೆಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿಯಲು ಹೇಳಿದಳು. ಮಧ್ಯಾಹ್ನದ ಬಿಸಿಲು ಇಡೀ ಹಾಳೆಯಲ್ಲಿ ಮಬ್ಬಾಗಿ ಹರಡಿಕೊಂಡಿತು. ಹೆರೆದು ತೆಳುವಾದ ಕಡೆ ಮಾತ್ರ ಹೆಚ್ಚು ಬೆಳಕು ತೂರಿ ಬರುತ್ತಿತ್ತು. ಕಿಟಕಿಯಾಚೆ ನೋಡುತ್ತ ನಿಂತ ಹುಡುಗಿಯ ಸುತ್ತ ಅದು ಹೆಂಗಸಿನ ಆಕಾರದಲ್ಲಿ ಕೂತುಕೊಂಡಿತ್ತು. ಆಕೆ ಕ್ಯಾಮೆರಾ ಕೆಳಗಿಳಿಸಿದಳು. ಅವನು ಹಾಳೆಯ ಎರಡು ಮೂಲೆ ಹಿಡಿದು, ಕೈ ನೋಯುವವರೆಗೂ, ಹಾಗೆಯೇ ನಿಂತಿದ್ದ.